ಸೇತುವೆ ನೆರಳಿಗೆ ಬೆಚ್ಚಿ ಬ್ರೇಕ್ ಹಾಕಿದ ಕಾರು: ಈ ಫೀಚರ್‌ಗಳನ್ನು ಇಟ್ಟುಕೊಳ್ಳಲಾ, ಆಫ್ ಮಾಡಲಾ?

ಎಡಗೈ ಚಾಲಕ

ಕಾರು ತಗೊಂಡು ಹದಿನಾಲ್ಕು ತಿಂಗಳಾಯಿತು. ಮುಂದಿನ ಗಾಡಿ ನೋಡಿಕೊಂಡು ವೇಗ ಏರಿಳಿಸುವ ಅಡಾಪ್ಟಿವ್ ಕ್ರೂಸ್, ಲೇನ್ ನಡುವೆ ಇಡುವ ಸ್ಟೇರಿಂಗ್ ಸಹಾಯ, ತಾನಾಗಿ ಬೀಳುವ ಬ್ರೇಕ್, ಮೂರೂ ಇವೆ. ಇಷ್ಟು ದಿನ ಖುಷಿಯಾಗೇ ಇದ್ದೆ. ಹೋದ ಭಾನುವಾರ ಒಂದು ಘಟನೆ ಆಯಿತು.

ಬೆಳಗ್ಗೆ ಏಳೂವರೆ. ಹೆದ್ದಾರಿಯಲ್ಲಿ 95ಕ್ಕೆ ಕ್ರೂಸ್ ಹಾಕಿದ್ದೆ. ಮುಂದೆ ಒಂದು ನರಪಿಳ್ಳೆ ಇಲ್ಲ. ಮೇಲೆ ಅಡ್ಡ ಹಾಯುವ ಒಂದು ಸೇತುವೆ, ಅದರ ನೆರಳು ಡಾಂಬರಿನ ಮೇಲೆ ಕಪ್ಪು ಪಟ್ಟಿಯ ಹಾಗೆ ಬಿದ್ದಿತ್ತು. ಅದರ ಹತ್ತಿರ ಬರುತ್ತಿದ್ದಂತೆ ಮೀಟರ್‌ನಲ್ಲಿ ಕೆಂಪು ಕಾರಿನ ಚಿತ್ರ ಮಿಂಚಿತು, ಬೀಪ್ ಬೀಪ್ ಅಂತು, ಬ್ರೇಕ್ ಬಿತ್ತು. ಸುಮ್ನೆ ಮುಟ್ಟಿದ ಹಾಗಲ್ಲ, ಜೋರಾಗಿ. ಸೀಟ್ ಬೆಲ್ಟ್ ಎದೆಗೆ ಕಚ್ಚಿಕೊಂಡಿತು. ಡ್ಯಾಶ್‌ಬೋರ್ಡ್ ಮೇಲಿದ್ದ ಕನ್ನಡಕ ಗಾಜಿಗೆ ಬಡಿದು ಕಾಲ ಬುಡಕ್ಕೆ ಬಿತ್ತು. ನಾನು ಆಕ್ಸಿಲರೇಟರ್ ಒತ್ತಿದ ಮೇಲೆ ಬಿಟ್ಟಿತು. ಅಷ್ಟರಲ್ಲಿ ವೇಗ 60ಕ್ಕೆ ಇಳಿದಿತ್ತು. ಹಿಂದೆ ಬರುತ್ತಿದ್ದ ಲಾರಿಯವರು ಹಾರ್ನ್ ಒತ್ತಿ ಹಿಡಿದ ಸದ್ದು ಇನ್ನೂ ಕಿವಿಯಲ್ಲಿದೆ.

ಇನ್ನೊಂದು ಅದಕ್ಕಿಂತ ಎರಡು ವಾರ ಹಿಂದಿನದು. ರಸ್ತೆ ಕೆಲಸ ನಡೆದ ಜಾಗ. ಹಳೆ ಬಿಳಿ ಗೆರೆಯನ್ನು ಅರೆಬರೆ ಅಳಿಸಿ ಪಕ್ಕದಲ್ಲಿ ಹೊಸ ಗೆರೆ ಎಳೆದಿದ್ದರು. ಕಾರು ಹಳೆ ಗೆರೆಯನ್ನೇ ಹಿಡಿಯಿತು. ಸ್ಟೇರಿಂಗ್ ಮೆಲ್ಲಗೆ ಬಲಕ್ಕೆ ಎಳೆಯಿತು, ಯಾರೋ ಪಕ್ಕದಲ್ಲಿ ಕೂತು ಒಂದು ಬೆರಳಲ್ಲಿ ಜಗ್ಗಿದ ಹಾಗೆ. ಬಲಗಡೆ ಕೋನ್‌ಗಳ ಸಾಲು. ಕೈ ಬಿಗಿಯಾಗಿದ್ದಕ್ಕೆ ಬಚಾವಾದೆ.

ಸರ್ವಿಸ್‌ನವರು ಕಂಪ್ಯೂಟರ್ ಹಚ್ಚಿ ನೋಡಿ, "ಒಂದೂ ಎರರ್ ಇಲ್ಲ ಸಾರ್, ಸಿಸ್ಟಂ ಸರಿಯಾಗೇ ಇದೆ" ಎಂದರು. ಸರಿಯಾಗಿರುವಾಗಲೇ ಹೀಗಾದರೆ ಕೆಟ್ಟಾಗ ಏನು ಮಾಡುತ್ತದೆ ಸ್ವಾಮಿ? ಎಲ್ಲ ಆಫ್ ಮಾಡಿಬಿಡಲಾ?

ನಿಧಾನವೇ ಸರಿ

ಆಫ್ ಮಾಡಿ. ನಿಮಗೆ ಕಣ್ಣು ಇದೆ, ಕಾಲು ಇದೆ. ಇನ್ನೇನು ಬೇಕು?

ಬಾನೆಟ್ ತೆರೆದವ

ಅಷ್ಟು ಸುಲಭವಾಗಿ ಆಫ್ ಮಾಡಿಸಬೇಡಿ. ನಾನು ಗಾಡಿ ಎಲೆಕ್ಟ್ರಿಕಲ್ ಕೆಲಸದವ. ಮೊದಲು ಸ್ಟಾರ್ಟರ್, ಆಲ್ಟರ್ನೇಟರ್ ಬಿಚ್ಚುತ್ತಿದ್ದೆ, ಈಗ ಐದಾರು ವರ್ಷದಿಂದ ಕ್ಯಾಮೆರಾ, ರಾಡಾರ್ ಕೂರಿಸೋದೇ ಜಾಸ್ತಿ.

ನಿಮ್ಮ ಕಾರು ಹಗ್ಗ ನೋಡಿ ಹಾವು ಅಂದುಕೊಂಡಿತು. ಆದದ್ದು ಇಷ್ಟೇ. ಇದಕ್ಕೆ ಫ್ಯಾಂಟಮ್ ಬ್ರೇಕಿಂಗ್ ಅನ್ನುತ್ತಾರೆ. ನಿಮಗೊಬ್ಬರಿಗೇ ಆದದ್ದಲ್ಲ. 2022ರ ಫೆಬ್ರವರಿಯಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಇದೇ ದೂರಿನ ಮೇಲೆ ಸುಮಾರು 4,16,000 ಟೆಸ್ಲಾ ಕಾರುಗಳ ತನಿಖೆ ಶುರುಮಾಡಿತು. ಅದಕ್ಕೆ ಹಿಂದಿನ ಒಂಬತ್ತು ತಿಂಗಳಲ್ಲಿ 354 ದೂರು ಬಂದಿದ್ದವು. ಬೇರೆ ಕಂಪನಿಗಳ ಕಾರುಗಳ ಮೇಲೂ ಇಂಥ ತನಿಖೆ ಆಗಿದೆ.

ಯಾಕೆ ಹೀಗಾಗುತ್ತದೆ ಅಂದರೆ, ರಾಡಾರ್‌ಗೆ ದೂರ ಮತ್ತು ವೇಗ ಬಹಳ ಚೆನ್ನಾಗಿ ಗೊತ್ತಾಗುತ್ತದೆ. ಎತ್ತರ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ, ಹಳೆ ಮಾದರಿಗಳಲ್ಲಂತೂ ತಿಳಿಯುವುದೇ ಇಲ್ಲ ಅನ್ನಬಹುದು. ಮೇಲಿನ ಸೇತುವೆ, ದಾರಿ ತೋರಿಸುವ ಬೋರ್ಡು, ಬದಿಯ ಕಬ್ಬಿಣದ ಕಂಬಿ, ಮ್ಯಾನ್‌ಹೋಲ್ ಮುಚ್ಚಳ, ಎಲ್ಲವೂ ಅದರ ಪಾಲಿಗೆ ಎದುರು ನಿಂತಿರುವ ಲೋಹ. ಎಲ್ಲದಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಗಾಡಿ ಓಡುವುದೇ ಇಲ್ಲ. ಅದಕ್ಕೇ ನಿಂತ ವಸ್ತುಗಳಿಂದ ಬರುವ ಸಿಗ್ನಲ್‌ನಲ್ಲಿ ಬಹುಪಾಲನ್ನು ಸಾಫ್ಟ್‌ವೇರ್ ಪಕ್ಕಕ್ಕೆ ತಳ್ಳುತ್ತದೆ, ಕ್ಯಾಮೆರಾ ಕೂಡ ಹೌದು ಅಂದರೆ ಮಾತ್ರ ನಂಬುತ್ತದೆ. ನಿಮ್ಮ ವಿಷಯದಲ್ಲಿ ಸೇತುವೆಯ ಲೋಹ ರಾಡಾರ್‌ಗೆ ಕಂಡಿತು, ಅದೇ ಹೊತ್ತಿಗೆ ಕಪ್ಪು ನೆರಳು ಕ್ಯಾಮೆರಾಗೂ ಏನೋ ಒಂದು ಗಟ್ಟಿ ವಸ್ತುವಿನಂತೆ ಕಂಡಿತು ಅಂತ ನನ್ನ ಊಹೆ. ಇಬ್ಬರು ಸಾಕ್ಷಿಗಳೂ ಒಟ್ಟಿಗೆ ತಪ್ಪು ಹೇಳಿದರು.

ಇನ್ನು ಉಲ್ಟಾ ಆಗುವುದೂ ಇದೆ, ಹಾವನ್ನು ಹಗ್ಗ ಅನ್ನುವುದು. 2016ರ ಮೇ ತಿಂಗಳಲ್ಲಿ ಫ್ಲೋರಿಡಾದಲ್ಲಿ ಆಟೊಪೈಲಟ್ (ಟೆಸ್ಲಾದ ಕ್ರೂಸ್, ಸ್ಟೇರಿಂಗ್ ಸಹಾಯದ ಹೆಸರು) ಹಾಕಿದ್ದ ಟೆಸ್ಲಾ ಕಾರಿನೆದುರು ಒಂದು ಟ್ರೈಲರ್ ಲಾರಿ ಅಡ್ಡ ಬಂತು. ಬಿಳಿ ಬಣ್ಣದ ಟ್ರೈಲರ್, ಹಿಂದೆ ಬೆಳ್ಳಗೆ ಹೊಳೆಯುವ ಆಕಾಶ. ಕಾರು ಬ್ರೇಕ್ ಹಾಕಲೇ ಇಲ್ಲ, ಅಡಿಯಲ್ಲಿ ನುಗ್ಗಿತು. ಚಾಲಕ ತೀರಿಕೊಂಡರು. 2021ರ ಆಗಸ್ಟ್‌ನಲ್ಲಿ ಎನ್‌ಎಚ್‌ಟಿಎಸ್‌ಎ ಇನ್ನೊಂದು ತನಿಖೆ ಶುರುಮಾಡಿದ್ದು, ರಸ್ತೆಯಲ್ಲಿ ದೀಪ ಮಿಟುಕಿಸುತ್ತಾ ನಿಂತಿದ್ದ ಪೊಲೀಸ್, ಅಗ್ನಿಶಾಮಕ ಗಾಡಿಗಳಿಗೇ ಹೋಗಿ ಗುದ್ದಿದ ಕಾರುಗಳ ಬಗ್ಗೆ.

ಇಂಜಿನಿಯರ್‌ಗಳ ಕೈಯಲ್ಲಿರುವುದು ಒಂದೇ ತಿರುಪು. ಆ ಕಡೆ ತಿರುಗಿಸಿದರೆ ಕಾರು ಕಂಡ ಹಗ್ಗಕ್ಕೆಲ್ಲ ಬೆಚ್ಚುತ್ತದೆ. ಈ ಕಡೆ ತಿರುಗಿಸಿದರೆ ಹಾವನ್ನೂ ತುಳಿಯುತ್ತದೆ. ಒಳ್ಳೆ ಸೆನ್ಸರ್ ಹಾಕಿದರೆ ಎರಡೂ ಕಮ್ಮಿಯಾಗುತ್ತವೆ, ಸೊನ್ನೆ ಆಗುವುದಿಲ್ಲ.

ಒಂದು ಪ್ರಶ್ನೆ. ಈಚೆಗೆ ಮುಂದಿನ ಗಾಜು ಬದಲಾಯಿಸಿದ್ದೀರಾ?

ಪರೀಕ್ಷಕ 0

ಮೂರು ಫೀಚರ್‌ಗಳನ್ನು ಒಂದೇ ಚೀಲಕ್ಕೆ ಹಾಕಿ ಮಾತಾಡಬೇಡಿ ಅಂತ ಎಲ್ಲರಲ್ಲಿ ಕೋರಿಕೆ.

ಆಟೊ ಬ್ರೇಕ್ ಅಂದರೆ ಎಇಬಿ ಬೇರೆ ಜಾತಿ. ಅದು ಇಡೀ ದಿನ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ನಾವು ತಪ್ಪಿದಾಗ ಮಾತ್ರ ಏಳುತ್ತದೆ. ಅಮೆರಿಕದ ವಿಮಾ ಕಂಪನಿಗಳು ಸೇರಿ ನಡೆಸುವ ಐಐಎಚ್‌ಎಸ್ ಸಂಸ್ಥೆಯ ಲೆಕ್ಕದಲ್ಲಿ, ಎಇಬಿ ಇರುವ ಕಾರುಗಳು ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವ ಅಪಘಾತ ಅರ್ಧದಷ್ಟು ಕಮ್ಮಿ. ಯುರೋಪಿನಲ್ಲಿ 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ಕಾರಿಗೂ ಅದು ಕಡ್ಡಾಯ. ಅಮೆರಿಕದಲ್ಲಿ 2029ರ ಸೆಪ್ಟೆಂಬರ್‌ಗೆ ಗಡುವು ಇಟ್ಟು 2024ರಲ್ಲಿ ನಿಯಮ ತಂದಿದ್ದಾರೆ.

ಹಾಗಂತ ಅದನ್ನು ದೇವರು ಮಾಡಬೇಡಿ. 2019ರಲ್ಲಿ ಅಮೆರಿಕದ ವಾಹನ ಚಾಲಕರ ಸಂಘ ಎಎಎ ಪಾದಚಾರಿಯನ್ನು ಗುರುತಿಸುವ ಬ್ರೇಕ್ ಪರೀಕ್ಷೆ ಮಾಡಿತು. ಹಗಲು ಹೊತ್ತು, ಗಂಟೆಗೆ 32 ಕಿ.ಮೀ. ವೇಗ, ದೊಡ್ಡವರ ಆಕಾರದ ಬೊಂಬೆ ರಸ್ತೆ ದಾಟುತ್ತದೆ. ನೂರರಲ್ಲಿ 40 ಸಲ ಮಾತ್ರ ಗುದ್ದದೆ ನಿಂತವು. ರಾತ್ರಿ ಮಾಡಿದಾಗ ಆ ವ್ಯವಸ್ಥೆ ಇದ್ದೂ ಇಲ್ಲದ ಹಾಗೆ. ಆಮೇಲೆ ಸುಧಾರಿಸಿದೆ. ಆದರೂ ನಿಮ್ಮ ಕಾರಿನಲ್ಲಿರುವುದು ಯಾವ ವರ್ಷದ ಸಾಫ್ಟ್‌ವೇರ್ ಅನ್ನೋದು ಮುಖ್ಯ.

ಎಇಬಿ ಇಟ್ಟುಕೊಳ್ಳಿ. ಹೆಚ್ಚಿನ ಕಾರುಗಳ ಮೆನುವಿನಲ್ಲಿ ಎಚ್ಚರಿಕೆ ಬೇಗ, ಸಾಧಾರಣ, ತಡ ಅಂತ ಮೂರು ಆಯ್ಕೆ ಇರುತ್ತವೆ. ಎಲ್ಲ ಆಫ್ ಮಾಡುವ ಬದಲು ಒಂದು ಹೆಜ್ಜೆ ತಡಕ್ಕೆ ಇಟ್ಟು ನೋಡಿ. ನನಗೆ ನಿಜವಾಗಿ ಭಯ ಇರುವುದು ನಿಮ್ಮ ಎರಡನೇ ಕತೆಯ ಬಗ್ಗೆ, ಆ ಸ್ಟೇರಿಂಗ್ ಎಳೆದದ್ದು.

ಹಿಂದಿನ ಸೀಟು

ನಾನು ಗಾಡಿ ಓಡಿಸುವುದು ಕಮ್ಮಿ. ನೋಡುವುದು ಜಾಸ್ತಿ. ಅದಕ್ಕೇ ಒಂದು ಮಾತು.

ನಮ್ಮ ಯಜಮಾನರಿಗೆ ಈ ಲೇನ್ ಸಹಾಯ ಬಂದ ಹೊಸತರಲ್ಲಿ ಎರಡೂ ಕೈ ಸ್ಟೇರಿಂಗ್ ಮೇಲಿತ್ತು. ಮೂರನೇ ತಿಂಗಳಿಗೆ ಒಂದು ಕೈ ತೊಡೆ ಮೇಲೆ. ಆರನೇ ತಿಂಗಳಿಗೆ ಎರಡು ಬೆರಳು ಸ್ಟೇರಿಂಗಿನ ಕೆಳತುದಿಯಲ್ಲಿ ನೇತಾಡುತ್ತಿದ್ದವು, ಅದೂ "ಕೈ ಇಡಿ" ಅಂತ ಕಾರು ಬೈಯುತ್ತದೆ ಅನ್ನುವ ಕಾರಣಕ್ಕೆ. ಒಂದು ರಾತ್ರಿ ಮಳೆ. ಮೀಟರ್‌ನಲ್ಲಿ ಹಸಿರಾಗಿದ್ದ ಸ್ಟೇರಿಂಗ್ ಚಿಹ್ನೆ ಬೂದು ಬಣ್ಣಕ್ಕೆ ತಿರುಗಿತು. ಸದ್ದು ಇಲ್ಲ, ಏನೂ ಇಲ್ಲ. ಗೆರೆ ಕಾಣದೆ ಅದು ಕೆಲಸ ಬಿಟ್ಟಿತ್ತು. ಇವರು ಅದು ನೋಡಿಕೊಳ್ಳುತ್ತಿದೆ ಅಂತ ಇದ್ದರು, ಅದು ಇವರಿಗೆ ಒಪ್ಪಿಸಿ ಹೋಗಿತ್ತು. ರಸ್ತೆಯಂಚಿನ ಉಬ್ಬುಪಟ್ಟಿಯ ಮೇಲೆ ಚಕ್ರ ಹತ್ತಿ ಗರ್ರ್ ಅಂದಾಗಲೇ ಇಬ್ಬರಿಗೂ ಎಚ್ಚರ.

ನನಗೆ ಅನಿಸುವುದು ಇಷ್ಟು. ಯಾವುದೇ ಫೀಚರ್ ಬಗ್ಗೆ ಕೇಳಬೇಕಾದದ್ದು, ಅದು ನಮ್ಮನ್ನು ಕಾಯುತ್ತದಾ ಅಥವಾ ನಾವು ಅದನ್ನು ಕಾಯಬೇಕಾ? ಬ್ರೇಕು ನಮ್ಮನ್ನು ಕಾಯುತ್ತದೆ. ಈ ಸ್ಟೇರಿಂಗನ್ನು ನಾವು ಕಾಯಬೇಕು. ಮಗು ನಡೆಯೋದು ಕಲಿಯುವಾಗ ಹಿಂದೆಯೇ ಬಗ್ಗಿಕೊಂಡು ಓಡಾಡುತ್ತೇವಲ್ಲ, ಹಾಗೆ. ಅದಕ್ಕಿಂತ ಎತ್ತಿಕೊಂಡು ಹೋಗುವುದೇ ಆರಾಮ.

ಬಾನೆಟ್ ತೆರೆದವ

ಮೇಡಂ, ಐದಾರು ವರ್ಷದಿಂದ ಗಿರಾಕಿಗಳಿಗೆ ಹೇಳೋಕೆ ಒದ್ದಾಡುತ್ತಿದ್ದದ್ದನ್ನು ಒಂದು ಸಾಲಿನಲ್ಲಿ ಹೇಳಿದಿರಿ.

ಮುಂದಿನ ಹಾದಿ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಆ ಕಡೆಯಿಂದ ಎಳೆಯುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ರಸ್ತೆ ಅಪಘಾತದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅವರನ್ನೆಲ್ಲ ಕೊಂದದ್ದು ಸೆನ್ಸರ್ ಅಲ್ಲ. ಕುಡಿದು ಓಡಿಸಿದವರು, ತೂಕಡಿಸಿದವರು, ಫೋನ್ ನೋಡಿದವರು, ಹಟಕ್ಕೆ ಬಿದ್ದು ಓವರ್‌ಟೇಕ್ ಮಾಡಿದವರು. ಯಂತ್ರಕ್ಕೆ ನಿದ್ದೆ ಬರುವುದಿಲ್ಲ, ಸಿಟ್ಟು ಬರುವುದಿಲ್ಲ. ವೇಮೊ ಕಂಪನಿಯ ಕಾರುಗಳು 2020ರ ಅಕ್ಟೋಬರ್‌ನಿಂದ ಫೀನಿಕ್ಸ್ ಪ್ರದೇಶದಲ್ಲಿ ಚಾಲಕರಿಲ್ಲದೆ ಸಾರ್ವಜನಿಕರನ್ನು ಕೂರಿಸಿಕೊಂಡು ಓಡಾಡುತ್ತಿವೆ. ಕಂಪನಿಯದೇ ಅಧ್ಯಯನ ಹೌದು, ಆದರೆ ಕೋಟಿಗಟ್ಟಲೆ ಮೈಲಿಯ ದಾಖಲೆ ಇಟ್ಟುಕೊಂಡು ಗಾಯವಾಗುವ ಅಪಘಾತ ಮನುಷ್ಯರಿಗಿಂತ ಬಹಳ ಕಮ್ಮಿ ಅಂತ ತೋರಿಸಿದ್ದಾರೆ.

2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾ ಮರುಭೂಮಿಯಲ್ಲಿ ಚಾಲಕರಹಿತ ಕಾರುಗಳ ಪಂದ್ಯ ಇಟ್ಟಾಗ ಒಂದೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ಮುಂದೆ ಹೋದದ್ದು ಹನ್ನೆರಡು ಕಿ.ಮೀ. ಕೂಡ ದಾಟಲಿಲ್ಲ. ಮರುವರ್ಷವೇ ಐದು ವಾಹನ ಪೂರ್ತಿ ದಾರಿ ಮುಗಿಸಿದವು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ. ಒಂದು ಸೇತುವೆ ನೆರಳಿಗೆ ಇಷ್ಟು ಗಲಾಟೆಯಾ?

ಪರೀಕ್ಷಕ 0

ನಿಮ್ಮ ಮಾತಿನ ಅರ್ಧ ಒಪ್ಪುತ್ತೇನೆ. ಆದರೆ ವೇಮೊ ಲೆಕ್ಕವನ್ನು ಇವರ ಕಾರಿಗೆ ಹಚ್ಚಬೇಡಿ. ಎರಡೂ ಒಂದೇ ವಸ್ತುವಿನ ದೊಡ್ಡದು, ಚಿಕ್ಕದು ಅಲ್ಲ. ಬೇರೆ ಬೇರೆ ವಸ್ತುಗಳು.

ಎಸ್‌ಎಇ ಅನ್ನುವ ಇಂಜಿನಿಯರ್‌ಗಳ ಸಂಸ್ಥೆ 2014ರಲ್ಲಿ ಸೊನ್ನೆಯಿಂದ ಐದರವರೆಗೆ ಹಂತ ಮಾಡಿತು. ನಮ್ಮ ನಿಮ್ಮ ಕಾರುಗಳು ಎರಡನೇ ಹಂತ. ಸ್ಟೇರಿಂಗ್, ವೇಗ ಎರಡೂ ಕಾರಿನದು, ಜವಾಬ್ದಾರಿ ಪೂರ್ತಿ ನಮ್ಮದು. ಮೂರನೇ ಹಂತದಲ್ಲಿ ಕಾರು ಹೇಳುವವರೆಗೂ ನೀವು ರಸ್ತೆ ನೋಡಬೇಕಿಲ್ಲ. 2021ರಲ್ಲಿ ಜಪಾನಿನಲ್ಲಿ ಹೋಂಡಾ ಲೆಜೆಂಡ್ ಟ್ರಾಫಿಕ್ ಜಾಮ್‌ಗೆ ಮಾತ್ರ ಅಂತ ಇದನ್ನು ತಂದಿತು. ಜರ್ಮನಿಯಲ್ಲಿ ಮರ್ಸಿಡಿಸ್‌ಗೆ ಅದೇ ವರ್ಷದ ಕೊನೆಗೆ ಒಪ್ಪಿಗೆ ಸಿಕ್ಕಾಗ ಮಿತಿ ಗಂಟೆಗೆ 60 ಕಿ.ಮೀ. ವೇಮೊ ನಾಲ್ಕನೇ ಹಂತ. ಗೊತ್ತಿರುವ ಪ್ರದೇಶದ ಒಳಗೆ, ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ), ರಾಡಾರ್, ಕ್ಯಾಮೆರಾ ಎಲ್ಲ ಹೊತ್ತುಕೊಂಡು, ವಿವರವಾದ ನಕ್ಷೆ ಇಟ್ಟುಕೊಂಡು ಓಡುತ್ತದೆ. ಅಲ್ಲಿ ಕಾಯುವ ಮನುಷ್ಯನೇ ಸೀಟಿನಲ್ಲಿ ಇಲ್ಲ.

ತಮಾಷೆ ಏನಂದರೆ ಅಪಾಯ ಸೊನ್ನೆಯಿಂದ ಐದಕ್ಕೆ ನೇರವಾಗಿ ಇಳಿಯುತ್ತಾ ಹೋಗುವುದಿಲ್ಲ. ನಡುವೆ ಒಂದು ಗುಂಡಿ ಇದೆ. ಯಂತ್ರ ಪೂರ್ತಿ ದಡ್ಡ ಆಗಿದ್ದರೆ ನಾವು ಎಚ್ಚರ. ಪೂರ್ತಿ ಜಾಣ ಆಗಿದ್ದರೆ ನಮ್ಮ ಎಚ್ಚರ ಬೇಕಿಲ್ಲ. ಸಾವಿರ ಸಲ ಸರಿ ಮಾಡಿ ಸಾವಿರದ ಒಂದನೇ ಸಲ ತಪ್ಪುವ ಯಂತ್ರದ ಪಕ್ಕ ಕೂತವನ ಗತಿ ಕೇಳಬೇಡಿ.

ಇಂಥ ಕಾರುಗಳು ಬರುವುದಕ್ಕೆ ಎಷ್ಟೋ ಮೊದಲೇ ಇದು ಗೊತ್ತಿತ್ತು. 1948ರಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಯುದ್ಧಕಾಲದ ರಾಡಾರ್ ಪರದೆ ಮುಂದೆ ಕೂತವರು ಯಾಕೆ ಶತ್ರುವಿನ ಗುರುತು ತಪ್ಪಿಸಿಕೊಳ್ಳುತ್ತಾರೆ ಅನ್ನೋದು ಪ್ರಶ್ನೆ. ಗಡಿಯಾರದಂಥ ಒಂದು ಫಲಕ, ಮುಳ್ಳು ಒಂದೊಂದೇ ಹೆಜ್ಜೆ ಹಾರುತ್ತದೆ. ಎಲ್ಲೋ ಅಪರೂಪಕ್ಕೆ ಎರಡು ಹೆಜ್ಜೆ ಒಟ್ಟಿಗೆ. ಆಗ ಗುಂಡಿ ಒತ್ತಬೇಕು. ಅಷ್ಟೇ ಕೆಲಸ. ಮೊದಲ ಅರ್ಧ ಗಂಟೆಯಲ್ಲೇ ಜನರ ಗಮನ ಜಾರಿತು. ಸೋಮಾರಿತನ ಅಲ್ಲ, ಮೆದುಳು ಇರುವುದೇ ಹಾಗೆ. ಎರಡನೇ ಹಂತದ ಕಾರು ನಮಗೆ ಕೊಟ್ಟಿರುವುದು ಈ ಮುಳ್ಳು ನೋಡುವ ಕೆಲಸವನ್ನೇ.

ಎಡಗೈ ಚಾಲಕ

ಕ್ಷಮಿಸಿ, ಕೆಲಸದ ಮಧ್ಯೆ ಓದುತ್ತಿದ್ದೇನೆ. ಬಾನೆಟ್ ಸರ್, ಹೌದು! ಎರಡು ತಿಂಗಳ ಹಿಂದೆ ಕಲ್ಲು ಹಾರಿ ಗಾಜು ಬಿರುಕು ಬಿಟ್ಟಿತ್ತು. ಬದಲಾಯಿಸಿದೆ. ಅದಕ್ಕೂ ಇದಕ್ಕೂ ಏನು?

ಬಾನೆಟ್ ತೆರೆದವ

ಅಲ್ಲೇ ಇದೆ ನೋಡಿ ಅರ್ಧ ಕತೆ.

ಒಳಗಿನ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡು ಒಂದು ಕ್ಯಾಮೆರಾ ಇರುತ್ತದೆ. ಗಾಜು ಬದಲಾದರೆ ಅದರ ದೃಷ್ಟಿಕೋನ ಕೂದಲೆಳೆಯಷ್ಟಾದರೂ ಬದಲಾಗುತ್ತದೆ. ಒಂದು ಡಿಗ್ರಿ ಅಂದುಕೊಳ್ಳಿ. ನೂರು ಮೀಟರ್ ಮುಂದೆ ಅದು ಸುಮಾರು 1.75 ಮೀಟರ್. ಅಂದರೆ ಅರ್ಧ ಲೇನ್. ಪಕ್ಕದ ಲೇನ್‌ನ ಗಾಡಿ ನಿಮ್ಮ ಎದುರಿಗಿದೆ ಅಂತ ಅದಕ್ಕೆ ಅನಿಸಬಹುದು. ಎರರ್ ಕೋಡ್ ಬರುವುದಿಲ್ಲ, ಯಾಕಂದರೆ ಕ್ಯಾಮೆರಾ ಕೆಟ್ಟಿಲ್ಲ, ತಪ್ಪು ಕಡೆ ನೋಡುತ್ತಿದೆ ಅಷ್ಟೇ.

ಗಾಜು ಬದಲಿಸಿದ ಮೇಲೆ ಕ್ಯಾಲಿಬ್ರೇಶನ್ ಮಾಡಬೇಕು, ಅಂದರೆ ಕ್ಯಾಮೆರಾದ ನೋಟವನ್ನು ಮತ್ತೆ ಅಳೆದು ಸರಿಹೊಂದಿಸಬೇಕು. ಸಮತಟ್ಟಾದ ನೆಲ, ಕಾರಿನ ಎದುರು ಅಳತೆ ಮಾಡಿ ಇಟ್ಟ ಗುರಿ ಹಲಗೆ, ಟೈರಿನ ಗಾಳಿ ಸರಿ ಇರಬೇಕು, ಡಿಕ್ಕಿಯಲ್ಲಿ ಭಾರ ಇರಬಾರದು. ಕೆಲವು ಮಾದರಿಗಳಿಗೆ ರಸ್ತೆಯಲ್ಲಿ ಓಡಿಸಿಯೇ ಮಾಡಬೇಕು. ಬಿಲ್‌ನಲ್ಲಿ ಈ ಕೆಲಸದ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಮಾಡಿಲ್ಲ. ಮುಂದಿನ ಬಂಪರ್ ಬಿಚ್ಚಿ ಹಾಕಿದರೆ ರಾಡಾರ್‌ಗೂ ಇದೇ ಗೋಳು. ಬಂಪರ್‌ಗೆ ದಪ್ಪಗೆ ಮರುಬಣ್ಣ ಬಳಿದು ರಾಡಾರ್ ಮಂಜಾದ ಗಾಡಿಗಳನ್ನೂ ಕಂಡಿದ್ದೇನೆ. ಒಬ್ಬರು ಡ್ಯಾಶ್‌ಕ್ಯಾಮ್ ತಂದು ಸರಿಯಾಗಿ ಕ್ಯಾಮೆರಾದ ಕಣ್ಣೆದುರೇ ಅಂಟಿಸಿದ್ದರು, ಬಿಡಿ.

ಆದರೆ ಆ ಅಳಿಸಿದ ಗೆರೆಯ ವಿಷಯ ಬೇರೆ. ಕ್ಯಾಮೆರಾ ನೆಟ್ಟಗಿದ್ದರೂ ಅಲ್ಲಿ ಎಡವುತ್ತಿತ್ತು. 2018ರ ಮಾರ್ಚ್ 23ರಂದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಆದದ್ದು ಅದೇ ಜಾತಿ. ಹೆದ್ದಾರಿ ಕವಲೊಡೆಯುವ ಜಾಗ, ಗೆರೆ ಮಾಸಿತ್ತು. ಆಟೊಪೈಲಟ್ ಹಾಕಿದ್ದ ಟೆಸ್ಲಾ ಕಾರು ಎರಡು ದಾರಿಯ ನಡುವಿನ ತ್ರಿಕೋನದ ಜಾಗವನ್ನೇ ಲೇನ್ ಅಂದುಕೊಂಡು ಒಳಗೆ ಹೋಯಿತು. ಮುಂದೆ ಗಾಡಿ ಇಲ್ಲ ಅಂತ ನಿಗದಿ ವೇಗಕ್ಕೆ ಏರಿಸಿಕೊಂಡು ಹೋಗಿ ಕಾಂಕ್ರೀಟ್ ತಡೆಗೆ ಗುದ್ದಿತು. ಏರಿಸಿಕೊಂಡು! ಚಾಲಕರ ಫೋನಿನಲ್ಲಿ ಆಗ ಆಟ ನಡೆಯುತ್ತಿತ್ತು ಅಂತ ತನಿಖೆ ಹೇಳಿತು. ಅದೇ ಜಾಗದಲ್ಲಿ ಕಾರು ಹಿಂದೆಯೂ ಎಳೆಯುತ್ತಿದೆ ಅಂತ ಅವರೇ ಮನೆಯವರ ಹತ್ತಿರ ಹೇಳಿಕೊಂಡಿದ್ದರಂತೆ.

ಎರಡು ಚಕ್ರ

ಬೈಕಿನವರ ಪರವಾಗಿ ಒಂದು ಮಾತು. ನಿಮ್ಮ ಕಾರಿಗೆ ನಾನು ಕಾಣುತ್ತೇನಾ? ನನಗಿರುವುದು ಒಂದೇ ಹಿಂದಿನ ದೀಪ. ಅಗಲ ಕಮ್ಮಿ, ಲೋಹ ಕಮ್ಮಿ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಟೆಸ್ಲಾ ಕಾರೊಂದು ಹಿಂದಿನಿಂದ ಗುದ್ದಿ 28 ವರ್ಷದ ಬೈಕ್ ಸವಾರ ಸತ್ತ. ಫುಲ್ ಸೆಲ್ಫ್ ಡ್ರೈವಿಂಗ್ (ಪೂರ್ತಿ ತಾನೇ ಓಡಿಸುತ್ತದೆ ಅನ್ನುವ ಹೆಸರಿನ ಟೆಸ್ಲಾ ಫೀಚರ್) ಆನ್ ಇತ್ತು. ಚಾಲಕ ಫೋನ್ ನೋಡುತ್ತಿದ್ದೆ ಅಂದ. ನೀವು ಕಾರಿನ ಒಳಗೆ ಕೂತು ರಿಸ್ಕ್ ತಗೊಳ್ಳೋದು ನಿಮ್ಮಿಷ್ಟ. ಹೊರಗಿರುವ ನಾನು ಯಾವ ಮೆನುವಿನಲ್ಲೂ "ಒಪ್ಪಿಗೆ" ಒತ್ತಿಲ್ಲ.

ನಿಧಾನವೇ ಸರಿ

ಹೆಸರು ನೋಡಿ ಹೆಸರು. ಫುಲ್ ಅಂತೆ, ಸೆಲ್ಫ್ ಅಂತೆ. ಆಮೇಲೆ ಪಕ್ಕದಲ್ಲಿ ಚಿಕ್ಕದಾಗಿ "ಮೇಲ್ವಿಚಾರಣೆ ಬೇಕು" ಅಂತ 2024ರಲ್ಲಿ ಸೇರಿಸಿದರು. ಕಣ್ಣಿದ್ದೂ ಕುರುಡ ಅಂದ ಹಾಗಾಯಿತು.

ಮುಂದಿನ ಹಾದಿ

ಎರಡು ಚಕ್ರ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಫೋನ್ ನೋಡುತ್ತಾ ಓಡಿಸಿದರೆ ಯಾವ ಫೀಚರೂ ಇಲ್ಲದ ಕಾರು ಇನ್ನೂ ಬೇಗ ಗುದ್ದುತ್ತದೆ ಅಲ್ವಾ? ಹೆಸರಿನ ವಿಷಯ ಮಾತ್ರ ನಾನೂ ಒಪ್ಪುತ್ತೇನೆ. ಅದು ತಪ್ಪು ಹೆಸರೇ.

ಪರೀಕ್ಷಕ 0

ಫೀಚರ್ ಇಲ್ಲದ ಕಾರಿನಲ್ಲಿ ಅಷ್ಟು ಹೊತ್ತು ಫೋನ್ ನೋಡುವ ಧೈರ್ಯವೇ ಬರುವುದಿಲ್ಲ. ಆ ಧೈರ್ಯ ಕೊಡುವುದೇ ಫೀಚರ್.

2018ರ ಮಾರ್ಚ್ 18, ಅರಿಜೋನಾದ ಟೆಂಪಿ. ಉಬರ್ ಕಂಪನಿ ಪರೀಕ್ಷೆ ಮಾಡುತ್ತಿದ್ದ ವೋಲ್ವೊ ಕಾರು. ರಾತ್ರಿ. ಒಬ್ಬ ಮಹಿಳೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು, ಅವರಿಗೆ ಕಾರು ಗುದ್ದಿತು. ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವ, ಇದರ ತನಿಖಾ ವರದಿ ಓದಿದಾಗ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ವ್ಯವಸ್ಥೆಗೆ ಅವರು ಕಂಡದ್ದು ಡಿಕ್ಕಿಗೆ 5.6 ಸೆಕೆಂಡ್ ಮೊದಲು. ಸುಮಾರು 70 ಕಿ.ಮೀ. ವೇಗದಲ್ಲಿ ಅದು ನೂರು ಮೀಟರಿಗೂ ಹೆಚ್ಚು ದೂರ. ಎಚ್ಚರವಿದ್ದ ಮನುಷ್ಯ ಆರಾಮಾಗಿ ನಿಲ್ಲಿಸಬಹುದು. ಯಂತ್ರ ಏನು ಮಾಡಿತು? ಮೊದಲು ವಾಹನ ಅಂದಿತು. ಆಮೇಲೆ ಯಾವುದೋ ವಸ್ತು ಅಂದಿತು. ಮತ್ತೆ ಸೈಕಲ್ ಅಂದಿತು. ಹೆಸರು ಬದಲಿಸಿದಾಗೆಲ್ಲ ಅದು ಎಲ್ಲಿಂದ ಬಂತು ಅನ್ನುವ ಹಳೆ ಲೆಕ್ಕವನ್ನು ಬಿಸಾಡಿ ಹೊಸದಾಗಿ ಶುರುಮಾಡುತ್ತಿತ್ತು. ಅಡ್ಡ ಬರುತ್ತಿದ್ದಾರೆ ಅನ್ನುವುದು ಹಾಗಾಗಿ ಹೊಳೆಯಲೇ ಇಲ್ಲ. ಕೊನೆಗೆ ಅಪಾಯ ಅಂತ ಗೊತ್ತಾದ ಮೇಲೂ, ಸುಳ್ಳು ಎಚ್ಚರಿಕೆಗೆ ಬ್ರೇಕ್ ಬೀಳಬಾರದು ಅಂತ ಒಂದು ಸೆಕೆಂಡ್ ಸುಮ್ಮನಿರುವಂತೆ ಬರೆದಿದ್ದರು. ಬಾನೆಟ್ ಅವರ ತಿರುಪು ನೆನಪಿದೆಯಾ? ಹಗ್ಗಕ್ಕೆ ಬೆಚ್ಚದಿರಲಿ ಅಂತ ತಿರುಗಿಸಿದ್ದು. ಆ ಕಾರಿನಲ್ಲಿ ವೋಲ್ವೊ ಕಂಪನಿಯದೇ ಆದ ಎಇಬಿ ಇತ್ತು. ಉಬರ್ ವ್ಯವಸ್ಥೆ ಓಡುವಾಗ ಅದನ್ನೂ ಆಫ್ ಇಟ್ಟಿದ್ದರು.

ಸೀಟಿನಲ್ಲಿ ಕಾಯುವ ಚಾಲಕಿ ಇದ್ದರು. ಫೋನಿನಲ್ಲಿ ಕಾರ್ಯಕ್ರಮ ನೋಡುತ್ತಿದ್ದರು. ಉಬರ್ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ. ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡರು, ಮೂರು ವರ್ಷ ಪ್ರೊಬೇಶನ್ (ಜೈಲಿನ ಬದಲು ನಿಗಾ).

ಹಿಂದಿನ ಸೀಟು

ಮುಳ್ಳು ನೋಡುವ ಕೆಲಸಕ್ಕೆ ಒಬ್ಬರನ್ನು ಕೂರಿಸಿ, ಮುಳ್ಳು ತಪ್ಪಿಸಿಕೊಂಡಿತು ಅಂತ ಅವರನ್ನೇ ಹಿಡಿದರು.

ಮುಂದಿನ ಹಾದಿ

ಈಗ ಹಾಗೇ ನಡೆಯುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಮಯಾಮಿಯ ನ್ಯಾಯಾಲಯದಲ್ಲಿ ಜ್ಯೂರಿ 2019ರ ಒಂದು ಆಟೊಪೈಲಟ್ ಅಪಘಾತಕ್ಕೆ ಟೆಸ್ಲಾ ಕಂಪನಿಯನ್ನು ಶೇ. 33ರಷ್ಟು ಹೊಣೆ ಮಾಡಿತು. ಚಾಲಕ ಬಿದ್ದ ಫೋನ್ ಎತ್ತಲು ಬಗ್ಗಿದ್ದ ಕೇಸ್ ಅದು. 2023ರ ಡಿಸೆಂಬರ್‌ನಲ್ಲಿ ಅದೇ ಟೆಸ್ಲಾದ 20 ಲಕ್ಷಕ್ಕೂ ಹೆಚ್ಚು ಕಾರುಗಳಿಗೆ ರೀಕಾಲ್ ಆಯಿತು, ಚಾಲಕರ ಗಮನ ನೋಡುವ ವ್ಯವಸ್ಥೆ ಸಾಲದು ಅಂತ. ಚಾಲಕರ ಕಣ್ಣನ್ನು ನೋಡುವ ಕ್ಯಾಮೆರಾ ಇರುವ ಕಾರುಗಳೂ ಬಂದಿವೆ. ಸ್ಟೇರಿಂಗ್ ಮೇಲೆ ಭಾರ ಕಟ್ಟಿ ಮೋಸ ಮಾಡಿದಷ್ಟು ಸುಲಭವಾಗಿ ಅದಕ್ಕೆ ಮಾಡಲಾಗದು.

ಇನ್ನೊಂದು. ಮನುಷ್ಯ ಒಬ್ಬ ತಪ್ಪು ಮಾಡಿ ಕಲಿತರೆ ಒಬ್ಬನೇ ಕಲಿಯುತ್ತಾನೆ. 2023ರ ಡಿಸೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ಬೇರೊಂದು ಗಾಡಿ ಹಿಂದುಮುಂದಾಗಿ ಓರೆಯಾಗಿ ಎಳೆದುಕೊಂಡು ಹೋಗುತ್ತಿದ್ದ ಒಂದು ಪಿಕಪ್ ಗಾಡಿಗೆ ವೇಮೊ ಕಾರು ಗುದ್ದಿತು. ಸಾಫ್ಟ್‌ವೇರ್ ತಿದ್ದಿದ ಮೇಲೆ ಅಷ್ಟೂ ಕಾರುಗಳೂ ಒಟ್ಟಿಗೆ ಕಲಿತವು.

ಪರೀಕ್ಷಕ 0

ಕತೆಯ ಉಳಿದರ್ಧವನ್ನೂ ಹೇಳಿ. ಕೆಲವೇ ನಿಮಿಷದಲ್ಲಿ ಇನ್ನೊಂದು ವೇಮೊ ಕಾರು ಬಂದು ಅದೇ ಪಿಕಪ್‌ಗೆ ಗುದ್ದಿತು. ಕಲಿಯುವುದು ಒಟ್ಟಿಗೆ ಅನ್ನುವುದು ನಿಜ. ತಿದ್ದುವವರೆಗೆ ತಪ್ಪುವುದೂ ಒಟ್ಟಿಗೆ.

ನಾಲ್ಕನೇ ಹಂತದ್ದೂ ನಿರ್ಮಲ ಏನಲ್ಲ. 2023ರ ಅಕ್ಟೋಬರ್ 2, ಸ್ಯಾನ್ ಫ್ರಾನ್ಸಿಸ್ಕೊ. ಮನುಷ್ಯ ಓಡಿಸುತ್ತಿದ್ದ ಬೇರೊಂದು ಕಾರು ಒಬ್ಬ ಮಹಿಳೆಗೆ ಗುದ್ದಿ ಓಡಿಹೋಯಿತು, ಅವರು ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನೆದುರು ಬಿದ್ದರು. ಅದು ಬ್ರೇಕ್ ಹಾಕಿತು, ಆದರೂ ತಗುಲಿ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ಸರಿ. ಪಕ್ಕದಿಂದ ಏನೋ ಬಡಿದಿದೆ ಅಂದುಕೊಂಡು, ಅಪಘಾತವಾದರೆ ಬದಿಗೆ ಸರಿಯಬೇಕು ಅನ್ನುವ ನಿಯಮ ಪಾಲಿಸಿತು. ಅಡಿಯಲ್ಲಿದ್ದ ಮಹಿಳೆಯನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಓಡಿಹೋಗದೆ ನಿಂತ ಎಂಥ ಚಾಲಕನಾದರೂ ಇಳಿದು ನೋಡುತ್ತಿದ್ದ. ಅದೇ ತಿಂಗಳು ಕ್ಯಾಲಿಫೋರ್ನಿಯಾ ಪರವಾನಗಿ ಅಮಾನತು ಮಾಡಿತು. 2024ರ ಡಿಸೆಂಬರ್‌ನಲ್ಲಿ ಅದರ ಒಡೆಯ ಜನರಲ್ ಮೋಟರ್ಸ್ ಆ ಟ್ಯಾಕ್ಸಿ ಯೋಜನೆಗೆ ದುಡ್ಡು ಹಾಕುವುದನ್ನೇ ನಿಲ್ಲಿಸಿತು.

ಇನ್ನು "ಮನುಷ್ಯರಿಗಿಂತ ಸುರಕ್ಷಿತ" ಅನ್ನುವ ಲೆಕ್ಕ. ರ‍್ಯಾಂಡ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ 2016ರಲ್ಲಿ ಗುಣಿಸಿ ತೋರಿಸಿತ್ತು. ಸಾವಿನ ಪ್ರಮಾಣದಲ್ಲಿ ಅಮೆರಿಕದ ಚಾಲಕರಷ್ಟಾದರೂ ಒಳ್ಳೆಯದು ಅಂತ ಶೇ. 95 ಭರವಸೆಯಿಂದ ಹೇಳಬೇಕಾದರೆ ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಬೇಕು. ನೂರು ಕಾರು, ಹಗಲೂ ರಾತ್ರಿ, ಗಂಟೆಗೆ 25 ಮೈಲಿ, ಹನ್ನೆರಡೂವರೆ ವರ್ಷ. ನಡುವೆ ಸಾಫ್ಟ್‌ವೇರ್ ಬದಲಿಸಿದರೆ? ಅದು ಹಳೆ ಚಾಲಕನಾ, ಹೊಸ ಚಾಲಕನಾ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮುಂದಿನ ಹಾದಿ

ನನ್ನ ಹತ್ತಿರವೂ ಇಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ನನ್ನ ಹಿಂದೆ ಬರುವ ಲಾರಿಯಲ್ಲಿ ಎಇಬಿ ಇರಲಿ ಅಂತ ಬೇಡಿಕೊಳ್ಳುತ್ತೇನೆ.

ಎರಡು ಚಕ್ರ

ಅದಕ್ಕೆ ನಾನೂ ಕೈ ಎತ್ತುತ್ತೇನೆ.

ಎಡಗೈ ಚಾಲಕ

ಹನ್ನೊಂದು ದಿನ ಆದಮೇಲೆ ಬಂದಿದ್ದೇನೆ.

ಗಾಜಿನ ಬಿಲ್ ಹುಡುಕಿದೆ. ಕ್ಯಾಲಿಬ್ರೇಶನ್ ಅನ್ನುವ ಪದವೇ ಇರಲಿಲ್ಲ. ಕೇಳಿದ್ದಕ್ಕೆ "ತಾನಾಗೇ ಅಡ್ಜಸ್ಟ್ ಆಗುತ್ತೆ" ಅಂದರು. ಬೇರೆ ಕಡೆ ಹೋಗಿ ಮಾಡಿಸಿದೆ. ಕಪ್ಪು ಬಿಳುಪು ಚೌಕಗಳ ಹಲಗೆ ಎದುರಿಟ್ಟು, ಚಕ್ರದಿಂದ ಟೇಪ್ ಹಿಡಿದು ಅಳೆದು, ಒಂದೂವರೆ ಗಂಟೆ ತಗೊಂಡರು. ಕ್ಯಾಮೆರಾ ಬಲಕ್ಕೆ ವಾಲಿತ್ತಂತೆ. ಈಗ ಸ್ಟೇರಿಂಗ್ ಜಗ್ಗುವುದು ನಿಂತಿದೆ. ಆದರೂ ಲೇನ್ ಸಹಾಯ ಆಫ್ ಮಾಡಿದ್ದೇನೆ, ಗೆರೆ ದಾಟಿದರೆ ಎಚ್ಚರಿಸುವುದನ್ನು ಮಾತ್ರ ಇಟ್ಟಿದ್ದೇನೆ. ಮೊದಲ ಎರಡು ದಿನ ಕೈ ನೋವು ಬಂತು ಅಂದರೆ ನಂಬುತ್ತೀರಾ? ಅಷ್ಟು ರೂಢಿ ತಪ್ಪಿತ್ತು. ಎಇಬಿ ಇದೆ, ಎಚ್ಚರಿಕೆ ಸಾಧಾರಣಕ್ಕೆ ಇಟ್ಟಿದ್ದೇನೆ. ಕ್ರೂಸ್ ಹಾಕುತ್ತೇನೆ, ಮಳೆಯಲ್ಲಿ, ರಸ್ತೆ ಕೆಲಸದ ಜಾಗದಲ್ಲಿ, ಇಳಿಯುವ ತಿರುವಿನಲ್ಲಿ ಹಾಕುವುದಿಲ್ಲ.

ನಿನ್ನೆ ಅದೇ ಸೇತುವೆ, ಅದೇ ಏಳೂವರೆ. ಕಾಲು ಆಕ್ಸಿಲರೇಟರ್ ಮೇಲೆ ಸಿದ್ಧ ಇಟ್ಟುಕೊಂಡು ಹೋದೆ. ಕೆಂಪು ಕಾರಿನ ಚಿತ್ರ ಮತ್ತೆ ಬಂತು. ಒಂದು ಬೀಪ್. ಬ್ರೇಕ್ ಬೀಳಲಿಲ್ಲ.

ಬಾನೆಟ್ ತೆರೆದವ

ಒಳ್ಳೆಯದು, ಆದರೆ ಪೂರ್ತಿ ಸರಿಯಾಗಿಲ್ಲ. ಒಮ್ಮೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೋಗಿ ನೋಡಿ. ಆಗ ನೆರಳು ಸೇತುವೆಯ ಅಡಿಗೇ ಸರಿದಿರುತ್ತದೆ. ಆಗಲೂ ಬೀಪ್ ಅಂದರೆ ರಾಡಾರ್ ಕಡೆ ನೋಡೋಣ. ಸುಮ್ಮನಿದ್ದರೆ ಕ್ಯಾಮೆರಾನೇ.

ಹಿಂದಿನ ಸೀಟು

ಹಿಂದೆ ಲಾರಿ ಇಲ್ಲದಾಗ ಹೋಗಿ.